ಕಾರಿನ ಗಾಜಿನ ಬಿಳಿ ಕಲೆ: ಉಜ್ಜಿದ್ರೆ ಹೋಗಲ್ಲ, ಹುಳಿಗೆ ಬಿಡತ್ತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)

ಕಾರು ತೊಳೆದ ಮೇಲೂ ಗಾಜಿನ ಮೇಲೆ ಉಳಿದುಬಿಡೋ ಬಿಳಿ ಬಿಳಿ ಚುಕ್ಕೆಗಳ ಬಗ್ಗೆ ಇವತ್ತು ಮಾತಾಡೋಣ. ‘ಇದೇನು ದೊಡ್ಡ ವಿಷಯ, ಬಟ್ಟೆ ತಗೊಂಡು ಒರೆಸಿದ್ರೆ ಆಯ್ತು’ ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ನಮ್ಮಪ್ಪ ರಾತ್ರಿ ಕಾರು ಓಡಿಸೋದನ್ನ ಬಿಡೋವರೆಗೂ.

ಅಪ್ಪ ಇರೋದು ತುಮಕೂರಲ್ಲಿ. ವಯಸ್ಸು ಅರವತ್ತೇಳು. ನಿವೃತ್ತಿ ಆದ್ಮೇಲೆ ಬೆಳಿಗ್ಗೆ ಎದ್ದು ಅಂಗಳದ ಪೈಪ್ ಹಿಡಿದು ಕಾರು ತೊಳೆಯೋದೇ ಅವರಿಗೆ ವ್ಯಾಯಾಮ. ಹೋದ ವರ್ಷ ಒಂದಿನ, ‘ಇನ್ಮೇಲೆ ಕತ್ತಲಾದ ಮೇಲೆ ನಾನು ಗಾಡಿ ತೆಗೆಯಲ್ಲ ಮಗಾ. ಎದುರು ಲೈಟು ಬಿದ್ರೆ ನಂಗೆ ರೋಡೇ ಕಾಣಲ್ಲ’ ಅಂದ್ರು. ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ. ಪೊರೆ ಶುರುವಾಗಿದೆ, ಆದ್ರೆ ಆಪರೇಷನ್ ಇನ್ನೂ ಬೇಡ ಅಂದ್ರು. ಅಲ್ಲಿಗೆ ಮಾತು ಮುಗೀತು, ವಯಸ್ಸಾಯ್ತು ಅಂತ ಎಲ್ಲರೂ ಒಪ್ಪಿಕೊಂಡ್ವಿ. ಶಿರಾದಲ್ಲಿರೋ ತಂಗಿ ಮನೆಗೆ ಹೋಗೋದನ್ನೂ ಅಪ್ಪ ಕಡಿಮೆ ಮಾಡಿದ್ರು. ಸಂಜೆ ಹೊರಟ್ರೆ ವಾಪಸ್ ಬರೋಷ್ಟರಲ್ಲಿ ಕತ್ತಲಾಗತ್ತಲ್ಲ, ಅದಕ್ಕೆ.

ಒಂದು ರಾತ್ರಿ ಅದೇ ಕಾರನ್ನ ಹೆದ್ದಾರಿಯಲ್ಲಿ ನಾನು ಓಡಿಸಬೇಕಾಗಿ ಬಂತು. ಸಣ್ಣಗೆ ಮಳೆ ಹನೀತಿತ್ತು. ಎದುರಿಂದ ಲಾರಿ ಬಂದಾಗ ಅದರ ಲೈಟು ಎರಡು ದೀಪದ ಹಾಗೆ ಕಾಣಲೇ ಇಲ್ಲ. ಇಡೀ ಗಾಜು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯ್ತು. ನನ್ನ ಕಣ್ಣು ಚೆನ್ನಾಗೇ ಇದೆ, ಆದ್ರೂ ಮುಂದೆ ಏನಿದೆ ಅಂತ ಎರಡು ಸೆಕೆಂಡ್ ಗೊತ್ತಾಗಲಿಲ್ಲ. ಬೆಳಿಗ್ಗೆ ಬಿಸಿಲಿಗೆ ನಿಲ್ಲಿಸಿ ಓರೆಯಾಗಿ ನೋಡಿದ್ರೆ, ವೈಪರ್ ಓಡಾಡೋ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಸುಣ್ಣ ಎರಚಿದ ಹಾಗಿತ್ತು. ವೈಪರ್ ಓಡೋ ಜಾಗದಲ್ಲೂ ತೆಳ್ಳಗೆ ಮಂಜು.

ಅಪ್ಪನ ಕಣ್ಣಲ್ಲಿ ಪೊರೆ ಇದ್ದದ್ದು ನಿಜ. ಗಾಜಿನ ಮೇಲೂ ಒಂದು ಪೊರೆ ಇತ್ತು. ಕಣ್ಣಿನದ್ದನ್ನ ತೆಗೆಯೋಕೆ ಡಾಕ್ಟರೇ ಬೇಕು. ಗಾಜಿನದ್ದನ್ನ ಮನೇಲೇ ತೆಗೆಯಬಹುದು. ಹೇಗೆ ಅನ್ನೋದೇ ಇವತ್ತಿನ ಸಂಚಿಕೆ.

ಅದು ಕೊಳೆ ಅಲ್ಲ, ಕಲ್ಲು

ಮೊದಲು ಈ ಕಲೆ ಏನು ಅಂತ ತಿಳ್ಕೊಳ್ಳೋಣ. ಬೋರ್‌ವೆಲ್ ನೀರಲ್ಲಿ ಬೇಳೆ ಬೇಗ ಬೇಯಲ್ಲ, ಸೋಪು ಹಾಕಿದ್ರೆ ನೊರೆ ಬರಲ್ಲ ಅಂತ ನಮ್ಮ ಮನೆಗಳಲ್ಲಿ ಹೇಳೋದು ಕೇಳಿರ್ತೀರಿ. ಇದನ್ನೇ ಗಡಸು ನೀರು ಅನ್ನೋದು. ಆ ನೀರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಕರಗಿರ್ತವೆ. ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನ ಹೀರಿಕೊಂಡು ಸ್ವಲ್ಪ ಹುಳಿಯಾಗತ್ತೆ. ಆ ಹುಳಿ ನೀರು ಬಂಡೆಯ ಸಂದಿಗಳಲ್ಲಿ ವರ್ಷಗಟ್ಟಲೆ ಕೂತು ಖನಿಜಗಳನ್ನ ಕರಗಿಸಿಕೊಳ್ಳತ್ತೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಕಾಲ ಕಲ್ಲಿನ ಜೊತೆ ಇದ್ದದ್ದು ಅಂತ ಸಾಮಾನ್ಯವಾಗಿ ಹೇಳಬಹುದು.

ಈ ನೀರು ಗಾಜಿನ ಮೇಲೆ ಬಿದ್ದು ಒಣಗಿದಾಗ ನೀರು ಆವಿಯಾಗತ್ತೆ, ಇಂಗಾಲದ ಡೈಆಕ್ಸೈಡ್ ಹಾರಿಹೋಗತ್ತೆ. ಕರಗಿದ್ದ ಕ್ಯಾಲ್ಸಿಯಂ ಮಾತ್ರ ಮತ್ತೆ ಕಲ್ಲಾಗಿ ಕೂರತ್ತೆ. ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸುಣ್ಣದ ಕಲ್ಲು. ಬಚ್ಚಲು ಮನೆ ಹಂಡೆಯ ಒಳಗೆ ಕಟ್ಟೋ ಬಿಳಿ ಪದರ, ನೀರು ಕಾಯಿಸೋ ಕಾಯಿಲ್ ಮೇಲೆ ಕೂರೋ ಗಟ್ಟಿ ಪದರ, ಗಾಜಿನ ಮೇಲಿನ ಚುಕ್ಕೆ, ಮೂರೂ ಒಂದೇ ಜಾತಿ.

ಒಂದು ಲೆಕ್ಕ ಹಾಕೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಅಂತ ಇದೆ. ಅದರ ಪ್ರಕಾರ ಒಂದು ಲೀಟರ್ ನೀರಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ರೆ ಮಾತ್ರ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರು ಆ 600ರ ಗೆರೆಯಲ್ಲೇ ಇದೆ ಅಂದುಕೊಳ್ಳಿ. ಒಂದು ಸಲ ತೊಳೆದಾಗ ಗಾಜುಗಳ ಮೇಲೆಲ್ಲ ಸೇರಿ ನೂರು ಮಿಲಿಲೀಟರ್ ಒಣಗಿದ್ರೆ 60 ಮಿಲಿಗ್ರಾಂ ಸುಣ್ಣ ಉಳಿಯತ್ತೆ. ಚಿಟಿಕೆಗಿಂತ ಕಡಿಮೆ. ಆದ್ರೆ ವರ್ಷದಲ್ಲಿ ಮುನ್ನೂರು ದಿನ ತೊಳೆದ್ರೆ 18 ಗ್ರಾಂ ಆಗತ್ತೆ! ಅದರಲ್ಲಿ ಬಹುಪಾಲು ಮಾರನೇ ದಿನದ ಒರೆಸುವಿಕೆಯಲ್ಲಿ ಹೋಗತ್ತೆ ಅನ್ನಿ. ಹೋಗದೆ ಉಳಿದದ್ದರ ಮೇಲೆ ಮತ್ತೊಂದು ಪದರ ಕೂರತ್ತೆ. ದಿನಾ ತೊಳೆಯೋ ಅಪ್ಪನ ಕಾರಿನ ಗಾಜು ವಾರಕ್ಕೊಮ್ಮೆ ತೊಳೆಯೋ ನನ್ನ ಕಾರಿಗಿಂತ ಕೆಟ್ಟದಾಗಿದ್ದದ್ದು ಯಾಕೆ ಅಂತ ಆಗ ನಂಗೆ ಗೊತ್ತಾಯ್ತು.

ನೀರು ಎಲ್ಲಿಂದ ಬರತ್ತೆ ಅನ್ನೋದು ಮುಖ್ಯ

ಬೆಂಗಳೂರಿನ ಕೇಳುಗರಿಗೆ ಇಲ್ಲೊಂದು ವಿಷಯ ಇದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ, ಕುಡಿಯುವ ನೀರಲ್ಲಿ ವಾಹನ ತೊಳೆಯಬಾರದು, ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಸರಿಯಾದ ಮಾತೇ. ನೂರು ಕಿಲೋಮೀಟರ್ ದೂರದಿಂದ, ಅಷ್ಟು ಎತ್ತರಕ್ಕೆ ಪಂಪ್ ಮಾಡಿ ತರೋ ಕಾವೇರಿ ನೀರನ್ನ ಟೈರ್ ಮೇಲೆ ಸುರಿಯೋದು ಯಾವ ಲೆಕ್ಕದಲ್ಲೂ ಒಪ್ಪೋ ಮಾತಲ್ಲ. ಆದ್ರೆ ಕಾವೇರಿ ಬಿಟ್ರೆ ಉಳಿಯೋದು ಬೋರ್ ನೀರು, ಟ್ಯಾಂಕರ್ ನೀರು, ಅಪಾರ್ಟ್‌ಮೆಂಟ್‌ನ ಎಸ್‌ಟಿಪಿಯಲ್ಲಿ ಶುದ್ಧವಾದ ನೀರು. ಟ್ಯಾಂಕರ್ ನೀರು ಅಂದ್ರೂ ಸಾಮಾನ್ಯವಾಗಿ ಯಾವುದೋ ಬೋರ್‌ನದ್ದೇ. ಎಸ್‌ಟಿಪಿ ನೀರಲ್ಲಿ ಕೊಳೆ ಹೋಗಿರತ್ತೆ, ಕರಗಿದ ಲವಣ ಹೋಗಿರಲ್ಲ. ಕಾರಿನ ಮೈಗೆ ಅದು ಪರವಾಗಿಲ್ಲ. ಗಾಜಿನ ಮೇಲೆ ಒಣಗೋಕೆ ಮಾತ್ರ ಬಿಡಬಾರದು.

ಇನ್ನೊಂದು ತಪ್ಪು ನಾನೇ ಮಾಡಿದ್ದೆ. ಮನೇಲಿ ಆರ್‌ಓ ಫಿಲ್ಟರ್‌ನಿಂದ ಹೊರಗೆ ಬಿಡೋ ನೀರು ಇರತ್ತಲ್ಲ, ಅದನ್ನ ಬಕೆಟ್‌ನಲ್ಲಿ ಹಿಡಿದು ಕಾರು ತೊಳೀತಿದ್ದೆ. ನೀರು ಉಳಿಸಿದೆ ಅನ್ನೋ ಹೆಮ್ಮೆ ಬೇರೆ. ಆರ್‌ಓ ಮಾಡೋ ಕೆಲಸ ಏನು? ಶುದ್ಧ ನೀರನ್ನ ಒಂದು ಕಡೆ ಕಳಿಸಿ ಲವಣವನ್ನೆಲ್ಲ ಇನ್ನೊಂದು ಕಡೆ ಸೇರಿಸೋದು. ಅಂದ್ರೆ ನಾನು ಗಾಜಿಗೆ ಹಾಕ್ತಿದ್ದದ್ದು ನಲ್ಲಿ ನೀರಿಗಿಂತ ಹೆಚ್ಚು ಗಡಸಾದ ನೀರು. ಆ ನೀರಲ್ಲಿ ನೆಲ ಒರೆಸಿ, ಶೌಚಾಲಯಕ್ಕೆ ಹಾಕಿ, ಕಾರಿನ ಚಕ್ರ ತೊಳೆಯಿರಿ. ಗಾಜಿಗೆ ಬೇಡ.

ಮೂರನೇ ಮೂಲ ಬೇಸ್‌ಮೆಂಟ್ ಪಾರ್ಕಿಂಗ್‌ನ ಚಾವಣಿ. ಮೇಲಿನಿಂದ ನೀರು ಜಿನುಗಿ ಕಾಂಕ್ರೀಟ್ ಒಳಗೆ ಹರಿದು ಬರುವಾಗ ಸಿಮೆಂಟ್‌ನಲ್ಲಿರೋ ಸುಣ್ಣವನ್ನ ಕರಗಿಸಿಕೊಂಡು ಬರತ್ತೆ. ಚಾವಣಿಯಲ್ಲಿ ಬಿಳಿ ಕಡ್ಡಿಗಳ ಹಾಗೆ ಇಳಿಬಿದ್ದಿರೋದು ನೋಡಿರ್ತೀರಿ. ಆ ಹನಿ ಬಲವಾದ ಕ್ಷಾರ. ಅದು ಗಾಜಿನ ಮೇಲೂ ಬಣ್ಣದ ಮೇಲೂ ಬಿದ್ದು ಒಣಗಿದ್ರೆ ಮಾಮೂಲಿ ನೀರಿನ ಕಲೆಗಿಂತ ಗಟ್ಟಿಯಾಗಿ ಹಿಡಿಯತ್ತೆ. ಕಾಣಿಸಿದ ದಿನವೇ ತೊಳೆಯಿರಿ. ಸೋರಿಕೆ ಸರಿಮಾಡಿಸೋವರೆಗೆ ಕಾರನ್ನ ಅಲ್ಲಿ ನಿಲ್ಲಿಸಬೇಡಿ, ಜಾಗ ಬದಲಿಸೋಕೆ ಆಗದಿದ್ರೆ ಮೇಲೊಂದು ಹೊದಿಕೆಯಾದ್ರೂ ಹಾಕಿ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಗಾಜಿನ ಮಂಜು ಎಲ್ಲಾ ಒಂದೇ ಅಲ್ಲ. ಹಾಗಾಗಿ ಏನನ್ನಾದ್ರೂ ಹಚ್ಚೋ ಮುಂಚೆ ಐದು ನಿಮಿಷ ಪರೀಕ್ಷೆ ಮಾಡಿ.

ಮೊದಲನೇದು, ಮಂಜು ಒಳಗಿದೆಯೋ ಹೊರಗಿದೆಯೋ ನೋಡಿ. ಒದ್ದೆ ಬಟ್ಟೆಯಲ್ಲಿ ಹೊರಗೆ ಒಂದು ಗೆರೆ, ಒಳಗೆ ಒಂದು ಗೆರೆ ಎಳೆಯಿರಿ. ಒಳಗಿನ ಗೆರೆ ಎಳೆದಾಗ ಸ್ವಚ್ಛ ಕಂಡ್ರೆ ಅದು ಖನಿಜ ಅಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಎದ್ದ ಆವಿ, ಧೂಳು, ನಮ್ಮ ಉಸಿರು ಎಲ್ಲ ಸೇರಿ ಕಟ್ಟಿದ ಜಿಡ್ಡಿನ ಪದರ ಅದು. ಅದಕ್ಕೆ ಹುಳಿ ಕೆಲಸಕ್ಕೆ ಬರಲ್ಲ. ಸ್ವಲ್ಪ ಸೋಪಿನ ನೀರಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದ್ರೆ ಸಾಕು. ಹಿಂದಿನ ಗಾಜಿನ ಒಳಗೆ ಕೆಂಪು ಕಂದು ಬಣ್ಣದ ಸಣ್ಣ ಗೆರೆಗಳಿರ್ತವೆ, ಅವು ಮಂಜು ತೆಗೆಯೋ ಹೀಟರ್ ತಂತಿಗಳು. ಅವನ್ನ ಗೆರೆಯ ಉದ್ದಕ್ಕೇ ಮೆಲ್ಲಗೆ ಒರೆಸಿ, ಅಡ್ಡಕ್ಕೆ ಉಜ್ಜಿ ಕೀಳಬೇಡಿ.

ಎರಡನೇದು, ಹೊರಗಿನ ಚುಕ್ಕೆಯ ಮೇಲೆ ನೀರು ಹಾಕಿ ಬೆರಳಿಂದ ಉಜ್ಜಿ. ಹೋದ್ರೆ ಅದು ಧೂಳು. ಮೊದಲ ಮಳೆಯ ಹನಿ ಗಾಳಿಯ ಧೂಳನ್ನ ತಂದು ಬಿಟ್ಟುಹೋಗೋ ಗುರುತು ಹೀಗೇ ಹೋಗತ್ತೆ. ಹೋಗದಿದ್ರೆ, ಮೂರು ಹನಿ ಬಿಳಿ ವಿನೆಗರ್ ಹಾಕಿ ಐದು ನಿಮಿಷ ಬಿಡಿ. ಚುಕ್ಕೆ ಕರಗಿದ್ರೆ ಅದು ಸುಣ್ಣ, ಮನೇಲೇ ಹೋಗತ್ತೆ. ತೆಳುವಾಯ್ತು ಆದ್ರೆ ಪೂರ್ತಿ ಹೋಗಲಿಲ್ಲ ಅಂದ್ರೆ ಸುಣ್ಣದ ಜೊತೆ ಸಿಲಿಕಾ ಕೂಡ ಸೇರಿಕೊಂಡಿರಬಹುದು. ಸಿಲಿಕಾ ಅಂದ್ರೆ ಮರಳಿನ ಮೂಲವಸ್ತು. ಗಾಜಿನ ಮೂಲವಸ್ತುವೂ ಅದೇ ಆಗಿರೋದ್ರಿಂದ ಎರಡೂ ಗಟ್ಟಿಯಾಗಿ ಅಂಟಿಕೊಳ್ತವೆ, ವಿನೆಗರ್‌ಗೆ ಕರಗಲ್ಲ.

ಮೂರನೇದು, ಸ್ವಚ್ಛ ಮಾಡಿ ಒಣಗಿಸಿದ ಜಾಗದ ಮೇಲೆ ಉಗುರು ಆಡಿಸಿ. ಉಬ್ಬು ತಗುಲಿದ್ರೆ ಪದರ ಇನ್ನೂ ಮೇಲಿದೆ. ಉಗುರಿಗೆ ನುಣುಪಾಗಿದ್ದೂ ಕಣ್ಣಿಗೆ ಉಂಗುರದ ಗುರುತು ಕಂಡ್ರೆ ಗಾಜೇ ಸವೆದಿದೆ ಅಂತ ಅರ್ಥ. ಕ್ಷಾರದ ನೀರು ಬಿಸಿಲಲ್ಲಿ ಮತ್ತೆ ಮತ್ತೆ ಒಣಗಿ ಗಾಜಿನ ಮೇಲ್ಮೈಯನ್ನೇ ತಿಂದಿರತ್ತೆ. ಅದಕ್ಕೆ ಮದ್ದು ಬೇರೆ, ಆಮೇಲೆ ಹೇಳ್ತೀನಿ.

ಹುಳಿ ಹಾಕೋ ಕ್ರಮ

ಹಿತ್ತಾಳೆ ಪಾತ್ರೆ ಬೆಳಗೋಕೆ ಅಜ್ಜಿ ಹುಣಸೆಹಣ್ಣು ಹಚ್ಚಿ ಸ್ವಲ್ಪ ಹೊತ್ತು ಬಿಡ್ತಿದ್ರು. ಬಲಕ್ಕಿಂತ ಹುಳಿ ಮತ್ತು ಸಮಯ ಹೆಚ್ಚು ಕೆಲಸ ಮಾಡತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಇಲ್ಲೂ ಅದೇ ನ್ಯಾಯ. ಆಮ್ಲ ಸೇರಿದ ಕೂಡಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು, ಇಂಗಾಲದ ಡೈಆಕ್ಸೈಡ್ ಸಣ್ಣ ಗುಳ್ಳೆಯಾಗಿ ಹೋಗತ್ತೆ, ಕ್ಯಾಲ್ಸಿಯಂ ಮತ್ತೆ ನೀರಲ್ಲಿ ಕರಗತ್ತೆ. ಹಾಗಂತ ಹುಣಸೆಹಣ್ಣನ್ನೇ ಗಾಜಿಗೆ ಹಚ್ಚಬೇಡಿ. ಅದರ ನಾರು, ಮರಳು, ಅಂಟು ಬೇರೆ ತಲೆನೋವು.

ಬೇಕಾಗಿರೋದು ಇಷ್ಟು: ಬಿಳಿ ವಿನೆಗರ್ ಮತ್ತು ಅಷ್ಟೇ ನೀರು. ಅಥವಾ ಕಾಲು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ, ಕೆಲವು ಅಂಗಡಿಗಳಲ್ಲಿ ನಿಂಬೆ ಉಪ್ಪು ಅಂತ ಕೇಳಿದ್ರೂ ಕೊಡ್ತಾರೆ. ಜೊತೆಗೆ ಟಿಶ್ಯೂ ಕಾಗದ ಅಥವಾ ಹಳೆ ಹತ್ತಿ ಬಟ್ಟೆ, ಎರಡು ಮೈಕ್ರೋಫೈಬರ್ ಬಟ್ಟೆ, ರಬ್ಬರ್ ಕೈಗವಸು.

ಕಾರು ನೆರಳಲ್ಲಿರಬೇಕು, ಗಾಜು ಮುಟ್ಟಿದ್ರೆ ತಣ್ಣಗಿರಬೇಕು. ಬಿಸಿ ಗಾಜಿನ ಮೇಲೆ ಹುಳಿ ಕೆಲಸ ಮಾಡೋ ಮುಂಚೆಯೇ ಒಣಗಿಹೋಗತ್ತೆ. ಅಲ್ಲದೆ ಗಾಜಿನಲ್ಲಿ ಕಲ್ಲು ಬಡಿದ ಸಣ್ಣ ಬಿರುಕಿದ್ರೆ, ಕಾದ ಗಾಜಿಗೆ ತಣ್ಣೀರು ಸುರಿದಾಗ ಅದು ಉದ್ದಕ್ಕೆ ಸೀಳಬಹುದು.

ಮೊದಲು ಧಾರಾಳವಾಗಿ ನೀರು ಹಾಕಿ ಧೂಳನ್ನ ತೊಳೆಯಿರಿ. ಈ ಹೆಜ್ಜೆ ಬಿಡಲೇಬೇಡಿ. ಗಾಜಿನ ಗಡಸುತನ ಮೋಸ್ ಮಾಪಕದಲ್ಲಿ ಸುಮಾರು 5.5. ಸುಣ್ಣದ ಕಲ್ಲಿನದ್ದು 3, ಅದು ಗಾಜನ್ನ ಗೀರಲ್ಲ. ಆದ್ರೆ ರಸ್ತೆ ಧೂಳಿನಲ್ಲಿರೋ ಮರಳಿನ ಹರಳಿನದ್ದು 7. ಧೂಳಿದ್ದಾಗಲೇ ಉಜ್ಜಿದ್ರೆ ಕಲೆ ಹೋಗಬಹುದು, ಗೀರು ಮಾತ್ರ ಶಾಶ್ವತ.

ಆಮೇಲೆ ಟಿಶ್ಯೂವನ್ನ ವಿನೆಗರ್ ನೀರಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿ. ಪಕ್ಕದ ಗಾಜು ನೆಟ್ಟಗಿರೋದ್ರಿಂದ ಬರೀ ಸಿಂಪಡಿಸಿದ್ರೆ ಹರಿದುಹೋಗತ್ತೆ, ಟಿಶ್ಯೂ ಅದನ್ನ ಹಿಡಿದಿಡತ್ತೆ. ಐದರಿಂದ ಹತ್ತು ನಿಮಿಷ ಬಿಡಿ. ನಡುವೆ ಒಣಗೋಕೆ ಶುರುವಾದ್ರೆ ಮತ್ತೆ ಒದ್ದೆ ಮಾಡಿ. ಬಣ್ಣ ಮತ್ತು ಕ್ರೋಮ್ ಪಟ್ಟಿಯ ಮೇಲೆ ಇಳಿದದ್ದನ್ನ ಆಗಾಗ ನೀರಲ್ಲಿ ಒರೆಸಿ, ಅಲ್ಲಿ ಹುಳಿ ಕೂರಬಾರದು.

ಈಗ ಟಿಶ್ಯೂ ತೆಗೆದು ಮೈಕ್ರೋಫೈಬರ್‌ನಿಂದ ಮೆಲ್ಲಗೆ ಒರೆಸಿ, ನೀರು ಹಾಕಿ ತೊಳೆಯಿರಿ. ಎಷ್ಟು ಹೋಗಿದೆ ನೋಡಿ. ಒಂದೇ ಸಲಕ್ಕೆ ಹೋಗಲೇಬೇಕು ಅಂತ ಒತ್ತಿ ತಿಕ್ಕಬೇಡಿ, ಇದೇ ಕ್ರಮವನ್ನ ಇನ್ನೊಂದೆರಡು ಸಲ ಮಾಡಿ. ಅಪ್ಪನ ಕಾರಿನ ಮುಂದಿನ ಗಾಜಿಗೆ ನಾಲ್ಕು ಸುತ್ತು ಬೇಕಾಯ್ತು, ಒಂದು ಭಾನುವಾರದ ಬೆಳಗ್ಗೆ ಪೂರ್ತಿ ಅದಕ್ಕೇ ಹೋಯ್ತು.

ಪಕ್ಕದ ಗಾಜನ್ನ ನಾಲ್ಕು ಬೆರಳು ಕೆಳಗಿಳಿಸಿ ಮೇಲಿನ ಅಂಚನ್ನೂ ಒರೆಸಿ. ರಬ್ಬರ್ ಒಳಗೆ ಅಡಗಿರೋ ಆ ಅಂಚಲ್ಲಿ ಸುಣ್ಣ ಗೆರೆಯಾಗಿ ಕಟ್ಟಿರತ್ತೆ. ರಬ್ಬರ್‌ನಲ್ಲಿ ಮರಳು ಸೇರಿದ್ರೆ ಗಾಜು ಏರಿಳಿದಾಗಲೆಲ್ಲ ಉದ್ದುದ್ದ ಗೀರು ಬೀಳತ್ತೆ. ಕೊನೆಗೆ ವೈಪರ್ ರಬ್ಬರನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ. ಒರಟು ಗಾಜಿನ ಮೇಲೆ ಓಡಿ ಓಡಿ ಅದರ ಅಂಚು ಹರಿದಿದ್ರೆ ಬದಲಿಸಿ. ಗಾಜು ಸ್ವಚ್ಛ ಆದ್ಮೇಲೂ ವೈಪರ್ ಕರಕರ ಅಂತ ಹಾರಿ ಹಾರಿ ಓಡ್ತಿದ್ರೆ ರಬ್ಬರ್ ಮುಗಿದಿದೆ ಅಂತಲೇ ಲೆಕ್ಕ.

ಇವನ್ನ ಮಾಡಬೇಡಿ

ವಿಡಿಯೋಗಳಲ್ಲಿ ವಿನೆಗರ್ ಮತ್ತು ಅಡುಗೆ ಸೋಡಾ ಕಲಸಿ ಹಚ್ಚೋದನ್ನ ತೋರಿಸ್ತಾರೆ. ಬುಸ್ ಅಂತ ನೊರೆ ಬರತ್ತೆ, ನೋಡೋಕೆ ಚೆನ್ನಾಗಿರತ್ತೆ. ಆದ್ರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯೋದು ಹೆಚ್ಚುಕಮ್ಮಿ ಉಪ್ಪಿನ ನೀರು. ಸುಣ್ಣ ಕರಗಿಸೋ ಹುಳಿ ಅಲ್ಲೇ ಖರ್ಚಾಗಿರತ್ತೆ.

ವಿನೆಗರ್ ಜೊತೆ ಬ್ಲೀಚ್ ಅಂತೂ ಎಂದಿಗೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳತ್ತೆ, ಅದು ವಿಷ. ಬೇಸ್‌ಮೆಂಟ್‌ನಂಥ ಮುಚ್ಚಿದ ಜಾಗದಲ್ಲಿ ಇನ್ನೂ ಅಪಾಯ.

ಬಚ್ಚಲು ಟೈಲ್ಸ್ ತೊಳೆಯೋ ಆಸಿಡ್ ಬೇಡ. ಅದು ಸುಣ್ಣವನ್ನ ಕ್ಷಣದಲ್ಲಿ ಕರಗಿಸತ್ತೆ ನಿಜ. ಆದ್ರೆ ಹರಿದುಹೋಗಿ ಬಣ್ಣ, ಕ್ರೋಮ್, ಬಾನೆಟ್ ಸಂದಿಯ ತಗಡು ಎಲ್ಲವನ್ನೂ ತಿನ್ನತ್ತೆ. ಇನ್ನು ಅಂಗಡಿಯಲ್ಲಿ ಸಿಗೋ ಕೆಲವು ತೀಕ್ಷ್ಣ ಕ್ಲೀನರ್‌ಗಳಲ್ಲಿ ಫ್ಲೋರೈಡ್ ಜಾತಿಯ ಆಮ್ಲ ಇರತ್ತೆ. ಅದು ಗಾಜನ್ನೇ ಕರಗಿಸೋ ವಸ್ತು. ಚರ್ಮಕ್ಕೆ ತಗುಲಿದ್ರೆ ಒಳಗಿಳಿದು ಗಂಭೀರ ಗಾಯ ಮಾಡತ್ತೆ. ಬಾಟಲಿ ಮೇಲೆ ಹೈಡ್ರೋಫ್ಲೋರಿಕ್ ಅಥವಾ ಬೈಫ್ಲೋರೈಡ್ ಅನ್ನೋ ಪದ ಕಂಡ್ರೆ ಅಲ್ಲೇ ವಾಪಸ್ ಇಟ್ಟುಬಿಡಿ.

ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್ ಮತ್ತು ಮರಳು ಕಾಗದ ಬೇಡ, ಎರಡರಲ್ಲೂ ಗಾಜಿಗಿಂತ ಗಟ್ಟಿಯಾದ ಪುಡಿ ಇರತ್ತೆ. ಒಣ ಗಾಜಿನ ಮೇಲೆ ವೈಪರ್ ಓಡಿಸಿ ಕಲೆ ತೆಗೆಯೋ ಪ್ರಯತ್ನವೂ ಬೇಡ.

ಹುಳಿಗೂ ಹೋಗದಿದ್ರೆ

ನಾಲ್ಕು ಸುತ್ತು ಆದ್ಮೇಲೂ ಉಂಗುರದ ಗುರುತು ಉಳಿದಿದ್ರೆ ಇನ್ನು ಪಾಲಿಶ್ ಒಂದೇ ದಾರಿ. ಇದಕ್ಕೆ ಬಳಸೋದು ಸೀರಿಯಂ ಆಕ್ಸೈಡ್ ಅನ್ನೋ ನುಣ್ಣನೆ ಪುಡಿ. ಕನ್ನಡಕದ ಗಾಜು, ಮಸೂರಗಳನ್ನ ಹೊಳಪಿಗೆ ತರೋಕೆ ಬಳಕೆಯಲ್ಲಿರೋದೂ ಇದೇ. ನೀರಲ್ಲಿ ಕಲಸಿ, ಉಣ್ಣೆಯ ಪ್ಯಾಡ್ ಇರೋ ಯಂತ್ರದಿಂದ ನಿಧಾನ ವೇಗದಲ್ಲಿ, ಒಣಗದ ಹಾಗೆ, ಒಂದೇ ಜಾಗದಲ್ಲಿ ನಿಲ್ಲದ ಹಾಗೆ ಉಜ್ಜಬೇಕು.

ಪಕ್ಕದ ಗಾಜಿನ ಸಣ್ಣ ಜಾಗಕ್ಕಾದ್ರೆ ತಾಳ್ಮೆ ಇರೋರು ಪ್ರಯತ್ನಿಸಬಹುದು. ಮುಂದಿನ ಗಾಜಿಗೆ ಮಾತ್ರ ನೀವೇ ಕೈ ಹಾಕಬೇಡಿ ಅಂತ ನನ್ನ ಸಲಹೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದ್ರೆ ಆ ಜಾಗ ಮಸೂರದ ಹಾಗಾಗಿ ರಸ್ತೆ ಅಲೆಅಲೆಯಾಗಿ ಕಾಣತ್ತೆ. ಕಲೆಗಿಂತ ಅದು ಕೆಟ್ಟದ್ದು. ಮುಂದಿನ ಗಾಜು ಒಂದೇ ಹಲಗೆ ಅಲ್ಲ ಅನ್ನೋದೂ ನೆನಪಿರಲಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದಿರ್ತಾರೆ. ಯಂತ್ರವನ್ನ ಒಂದೇ ಕಡೆ ಒತ್ತಿ ಕಾಯಿಸಿದ್ರೆ ಬಿರುಕು ಬಿಡಬಹುದು. ಈಗಿನ ಕೆಲವು ಕಾರುಗಳಲ್ಲಿ ಗಾಜಿನ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಬೇರೆ ಇರ್ತವೆ, ಅವೂ ಆ ಗಾಜಿನ ಮೂಲಕವೇ ನೋಡಬೇಕು. ಅನುಭವ ಇರೋರ ಹತ್ರ ತೋರಿಸಿ, ಹೊಸ ಗಾಜಿನ ಬೆಲೆಯನ್ನೂ ಕೇಳಿ, ಎರಡನ್ನೂ ತೂಗಿ ನೋಡಿ.

ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಮುಂದಿನ ಮತ್ತು ಹಿಂದಿನ ಗಾಜಿನಿಂದ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜಿನಿಂದ ಶೇ 50ರಷ್ಟು ಬೆಳಕು ಹಾಯಬೇಕು ಅಂತ ಇದೆ. ಅದನ್ನ ನಾವು ಕಪ್ಪು ಫಿಲ್ಮ್ ವಿಚಾರದಲ್ಲಿ ಮಾತ್ರ ನೆನಪಿಸಿಕೊಳ್ತೀವಿ. ಸುಣ್ಣದ ಚುಕ್ಕೆಯ ತೊಂದರೆ ಸ್ವಲ್ಪ ಬೇರೆ. ಅದು ಬೆಳಕನ್ನ ಹೆಚ್ಚು ತಡೆಯಲ್ಲ, ಚದುರಿಸತ್ತೆ. ಅದಕ್ಕೇ ಹಗಲಲ್ಲಿ ತೊಂದರೆ ಕಾಣಲ್ಲ. ರಾತ್ರಿ ಒಂದು ಬಲವಾದ ಲೈಟು ಎದುರಿಂದ ಬಿದ್ದಾಗ ಪ್ರತಿ ಚುಕ್ಕೆಯೂ ಒಂದೊಂದು ಪುಟ್ಟ ದೀಪ ಆಗತ್ತೆ. ಆ ಬೆಳಕಿನ ಪರದೆಯ ಹಿಂದೆ ಲೈಟಿಲ್ಲದ ಸೈಕಲ್ ಸವಾರ, ರಸ್ತೆ ದಾಟ್ತಿರೋ ಅಜ್ಜಿ, ಕಪ್ಪು ಎಮ್ಮೆ ಯಾರೂ ಕಾಣಲ್ಲ. ಕಣ್ಣಲ್ಲಿ ಪೊರೆ ಇರೋರಿಗೆ ಕಣ್ಣೊಳಗೂ ಬೆಳಕು ಚದುರತ್ತೆ, ಹಾಗಾಗಿ ಅವರಿಗೆ ಎರಡು ಪಟ್ಟು ತೊಂದರೆ.

ಮತ್ತೆ ಬರದ ಹಾಗೆ

ಕಲೆ ತೆಗೆಯೋದು ಒಂದು ದಿನದ ಕೆಲಸ. ಬರದ ಹಾಗೆ ನೋಡಿಕೊಳ್ಳೋಕೆ ದಿನಾ ಎರಡು ನಿಮಿಷ ಸಾಕು. ಸೂತ್ರ ಒಂದೇ: ಗಾಜಿನ ಮೇಲೆ ನೀರು ತಾನಾಗಿ ಒಣಗಬಾರದು. ಯಾವ ನೀರಲ್ಲಾದ್ರೂ ತೊಳೆಯಿರಿ, ಒಣಗೋ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಹೋದ ನೀರಿನ ಜೊತೆ ಸುಣ್ಣವೂ ಹೋಗತ್ತೆ. ಬಿಸಿಲು ಏರೋ ಮುಂಚೆ ತೊಳೆಯಿರಿ. ಇಡೀ ಕಾರು ಮುಗಿಸಿ ಆಮೇಲೆ ಒರೆಸೋಣ ಅಂತ ಕಾಯಬೇಡಿ, ಮೊದಲು ಗಾಜು ಒರೆಸಿ.

ಸಾಧ್ಯವಾದ್ರೆ ಗಾಜಿಗೆ ಕೊನೆಯದಾಗಿ ಒಂದು ಚೊಂಬು ಮೆದು ನೀರು ಹಾಕಿ. ಎಸಿಯ ಪೈಪಿನಿಂದ ಹೊರಗೆ ತೊಟ್ಟಿಕ್ಕೋ ನೀರು ಗೊತ್ತಲ್ಲ? ಅದು ಗಾಳಿಯ ತೇವ ತಣ್ಣಗಾಗಿ ಹನಿಯಾದದ್ದು, ಅದರಲ್ಲಿ ಖನಿಜ ಇಲ್ಲವೇ ಇಲ್ಲ ಅನ್ನಬಹುದು. ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಟ್ಟುಕೊಳ್ಳಿ. ಎಸಿ ಇಲ್ಲದವರು ಮಳೆ ನೀರು ಹಿಡಿಯಿರಿ, ಚಾವಣಿ ತೊಳೆದುಹೋದ ಮೇಲಿನ ನೀರು ಒಳ್ಳೇದು. ವೈಪರ್ ನೀರಿನ ಟ್ಯಾಂಕಿಗೂ ಇದನ್ನೇ ಹಾಕಿ. ಅಲ್ಲಿಗೆ ಬೋರ್ ನೀರು ತುಂಬಿದ್ರೆ ನೀರು ಚಿಮ್ಮೋ ಸಣ್ಣ ತೂತು ಸುಣ್ಣ ಕಟ್ಟಿ ಮುಚ್ಚಿಕೊಳ್ಳತ್ತೆ. ಜೊತೆಗೆ ಪ್ರತಿ ಸಲ ಗುಂಡಿ ಒತ್ತಿದಾಗ ಹೊಸ ಕಲೆ ನೀವೇ ಹಾಕಿದ ಹಾಗೆ.

ಇನ್ನು ಅಪಾರ್ಟ್‌ಮೆಂಟ್‌ನಲ್ಲಿ ಕಾರು ಒರೆಸೋರ ಬಗ್ಗೆ ಒಂದು ಮಾತು. ನಮ್ಮಲ್ಲಿ ಬೆಳಿಗ್ಗೆ ಐದಕ್ಕೇ ಬರೋ ಒಬ್ಬರನ್ನ, ‘ಅಣ್ಣ, ಗಾಜಿನ ಮೇಲೆ ಯಾಕೆ ಹಿಂಗೆ ಬಿಳಿ ಕಟ್ಟತ್ತೆ?’ ಅಂತ ಕೇಳಿದೆ. ‘ಒಂದು ಬಕೆಟ್ ನೀರಲ್ಲಿ ನಾಲ್ಕು ಗಾಡಿ ಒರೆಸಬೇಕು ಮೇಡಂ. ಬಟ್ಟೆ ಹಿಂಡೋಕೂ ಟೈಮಿರಲ್ಲ’ ಅಂದ್ರು. ಅದು ಅವರ ತಪ್ಪಲ್ಲ. ನಾಲ್ಕನೇ ಗಾಡಿಗೆ ಬರೋಷ್ಟರಲ್ಲಿ ಆ ಬಕೆಟ್‌ನಲ್ಲಿ ಮೂರು ಗಾಡಿಯ ಮರಳಿರತ್ತೆ. ನಾನೀಗ ಗಾಜಿಗೆ ಅಂತಲೇ ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಬಾಟಲಿ ಎಸಿ ನೀರು ಕೊಟ್ಟಿದ್ದೀನಿ, ದಿನಾ ಇಡೀ ಕಾರು ಬೇಡ, ಗಾಜು ಮಾತ್ರ ಸಾಕು ಅಂತ ಹೇಳಿದ್ದೀನಿ. ಅವರಿಗೂ ಕೆಲಸ ಕಡಿಮೆ ಆಯ್ತು, ಸಂಬಳ ಅಷ್ಟೇ ಇದೆ.

ಗಾಜು ಪೂರ್ತಿ ಸ್ವಚ್ಛ ಆದ್ಮೇಲೆ ನೀರು ಜಾರೋ ಹಾಗೆ ಮಾಡೋ ಲೇಪನ ಹಚ್ಚಬಹುದು. ಹನಿ ಹರಡದೆ ಉರುಳಿಹೋಗತ್ತೆ, ಕಲೆ ಕೂರೋದು ಕಡಿಮೆಯಾಗತ್ತೆ. ಆದ್ರೆ ಕಲೆಯ ಮೇಲೇ ಲೇಪನ ಹಚ್ಚಿದ್ರೆ ಕಲೆಗೇ ರಕ್ಷಣೆ ಕೊಟ್ಟ ಹಾಗೆ. ಲೇಪನ ಇದ್ರೂ ನಿಂತ ಹನಿಯನ್ನ ಒರೆಸಲೇಬೇಕು.

ಕೊನೆಗೆ ಅಪ್ಪನ ವಿಷಯ. ಗಾಜು ಸ್ವಚ್ಛ ಆದ ದಿನ ಸಂಜೆ ಏಳೂವರೆಗೆ ಒಂದು ಸುತ್ತು ಹೋಗಿಬಂದ್ವಿ. ಅವರೇ ಓಡಿಸಿದ್ರು, ನಾನು ಪಕ್ಕದಲ್ಲಿ ಕೂತಿದ್ದೆ. ಎದುರಿಂದ ಬಸ್ಸು ಬಂತು. ಅಪ್ಪ ಸ್ವಲ್ಪ ನಿಧಾನ ಮಾಡಿದ್ರು, ಆದ್ರೆ ಬ್ರೇಕ್ ಒತ್ತಿ ನಿಲ್ಲಿಸಲಿಲ್ಲ. ‘ಮುಂಚಿನಷ್ಟು ಹೊಡೆಯಲ್ಲ ಕಣೇ’ ಅಂದ್ರು. ಹೆದ್ದಾರಿಗೆ ರಾತ್ರಿ ಹೋಗಲ್ಲ ಅನ್ನೋ ನಿರ್ಧಾರವನ್ನ ಮಾತ್ರ ಬದಲಿಸಲಿಲ್ಲ, ಕಣ್ಣಿನ ಪೊರೆ ಇದ್ದೇ ಇದೆಯಲ್ಲ. ನಂಗೂ ಅದೇ ಸರಿ ಅನ್ನಿಸ್ತು. ಆರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ ನಡೀತಿದೆ. ಆದ್ರೆ ಊರೊಳಗೆ ಸಂಜೆ ಹೊತ್ತು ಓಡಾಡೋಕೆ, ದೇವಸ್ಥಾನಕ್ಕೆ, ಔಷಧಿ ಅಂಗಡಿಗೆ ಈಗ ಯಾರನ್ನೂ ಕಾಯಲ್ಲ.

ಕಾರು ದಿನಾ ತೊಳೆಯೋದನ್ನೂ ಬಿಟ್ಟಿಲ್ಲ. ಅದು ಬಿಡಿಸೋಕಾಗಲ್ಲ! ಅಂಗಳದ ಮೂಲೆಯಲ್ಲಿ ಮಳೆ ನೀರಿನ ಒಂದು ಕ್ಯಾನ್ ಇಟ್ಟಿದ್ದಾರೆ, ಅದರ ಮೇಲೆ ‘ಗಾಜಿಗೆ ಮಾತ್ರ’ ಅಂತ ಬರೆದಿದೆ. ಅಮ್ಮ ಅದರಲ್ಲಿ ಬೇಳೆ ಬೇಯಿಸೋಕೆ ಕೇಳಿದ್ರೂ ಕೊಡಲ್ಲ ಅಂತಾರಂತೆ.

ಕೇಳುಗರೇ, ಇವತ್ತು ರಾತ್ರಿ ಕಾರು ತೆಗೆಯೋ ಮುಂಚೆ ಒಂದು ಕೆಲಸ ಮಾಡಿ. ಕಾರು ನಿಂತಿರುವಾಗಲೇ ಡ್ರೈವರ್ ಸೀಟಲ್ಲಿ ಕೂತು, ಎದುರು ಬೀದಿ ದೀಪ ಇರೋ ಕಡೆ ಗಾಜಿನ ಮೂಲಕ ನೋಡಿ. ದೀಪ ದೀಪದ ಹಾಗೆ ಕಂಡ್ರೆ ಸರಿ. ಸುತ್ತ ಹಾಲಿನ ಬೆಳಕು ಹರಡಿದ್ರೆ ನಾಳೆ ಬೆಳಿಗ್ಗೆ ವಿನೆಗರ್ ತನ್ನಿ. ಗಾಜು ಸ್ವಚ್ಛ ಆದ್ಮೇಲೂ ಹಾಗೇ ಕಂಡ್ರೆ ಕಣ್ಣಿನ ಡಾಕ್ಟರನ್ನ ನೋಡಿ.